ಕ್ಯಾಸರೋಲ್ ಮೇಲೆ ಸೀದುಹೋಗಿ ಕೆಳಗೆ ನೀರು ನಿಲ್ಲುವುದು ಯಾಕೆ?

ಪ್ರಶ್ನೆ: "ನಮಸ್ಕಾರ. ನಾವು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇವೆ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಮಗಳ ಶಾಲೆಯ ಪಾಟ್‌ಲಕ್‌ಗೆ (ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ) ಅಂತ ಮೆಕ್ಸಿಕನ್ ಥರದ ಕ್ಯಾಸರೋಲ್, ಅಂದರೆ ಟ್ರೇಯಲ್ಲಿ ಪದರ ಪದರವಾಗಿ ಜೋಡಿಸಿ ಬೇಕ್ ಮಾಡುವ ತಿಂಡಿ, ಮಾಡಿದೆ. ಗೋಧಿ ಟೋರ್ಟಿಯಾ (ಮೆಕ್ಸಿಕೊದ ತೆಳು ರೊಟ್ಟಿ), ಎರಡು ಜುಕಿನಿ, ಎರಡು ಕ್ಯಾಪ್ಸಿಕಂ, ಡಬ್ಬಿಯ ರಾಜ್ಮಾ, ಬಾಟಲಿ ಸಾಲ್ಸಾ, ಪನ್ನೀರ್, ಮೇಲೆ ಎರಡು ಪ್ಯಾಕೆಟ್ ತುರಿದ ಚೆಡ್ಡಾರ್. ತರಕಾರಿ ಹಸಿಯಾಗಿಯೇ ಹೆಚ್ಚಿ ಹಾಕಿದೆ. ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಬೇಕ್ ಮಾಡಿದೆ. ಮೇಲೆ ಬಣ್ಣ ಬಂತು, ಚೀಸ್ ಎಣ್ಣೆ ಬಿಟ್ಟಿತು, ಕೆಳಗೆ ಮಾತ್ರ ಅಂಬಲಿ ಥರ. ಇನ್ನೂ ಅರ್ಧ ಗಂಟೆ ಇಟ್ಟೆ. ಮೇಲೆ ಸೀದುಹೋಯಿತು, ಕೆಳಗೆ ಹಾಗೇ ಇತ್ತು. ರೆಸಿಪಿಯಲ್ಲಿ ಎರಡು ಟೇಬಲ್ ಸ್ಪೂನ್ ಚಿಲಿ ಪೌಡರ್ ಅಂತ ಇತ್ತು, ಊರಿಂದ ತಂದ ಖಾರದ ಪುಡಿ ಹಾಕಿದ್ದೆ, ಮಕ್ಕಳು ಬಾಯಿಗೇ ಇಡಲಿಲ್ಲ. ಮುಂದಿನ ಸಲ ರಾಜ್ಮಾ ನಾನೇ ಬೇಯಿಸೋಣ ಅಂದರೆ, ಸ್ಲೋ ಕುಕ್ಕರ್‌ನಲ್ಲಿ ಬೇಯಿಸಿದರೆ ಅದು ವಿಷ ಅಂತ ಗೆಳತಿ ಹೆದರಿಸಿದ್ದಾಳೆ. ಅತ್ತೆ ಫೋನಿನಲ್ಲಿ, ಆ ಚೀಸ್ ನಾವು ತಿನ್ನೋ ಥರದ್ದೇನಾ ಅಂತ ಕೇಳುತ್ತಾರೆ. ಜುಲೈನಲ್ಲಿ ದಾವಣಗೆರೆಗೆ ಹೋಗುತ್ತಿದ್ದೇವೆ. ಅಲ್ಲಿ 28 ಲೀಟರ್ ಒಟಿಜಿ (ಮೇಜಿನ ಮೇಲಿಡುವ ಚಿಕ್ಕ ವಿದ್ಯುತ್ ಓವನ್) ಇದೆ. ಅದರಲ್ಲಿ ಮಾಡಿ ತೋರಿಸಬೇಕು ಅಂತ ಆಸೆ. ಆಗುತ್ತಾ?"

ಉತ್ತರ: ಪ್ರಶ್ನೆ ನಾಲ್ಕೈದು ಇವೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ, ಅಲ್ವಾ? ಅಷ್ಟು ಹೊತ್ತು ಬೇಯಿಸಿದರೂ ಕೆಳಗೆ ನೀರು ಯಾಕೆ ನಿಂತಿತು ಅಂತ. ಹೂಸ್ಟನ್‌ನ ಹೋಟೆಲ್ ಅಡುಗೆಮನೆಗಳಲ್ಲಿ ನಾನು ಇದನ್ನು ಟ್ರೇಗಟ್ಟಲೆ ಮಾಡಿದ್ದೇನೆ, ಈಗ ಬೆಂಗಳೂರಿನಲ್ಲಿ ಅಡುಗೆ ಕಲಿಸುತ್ತೇನೆ. ಎರಡೂ ಕಡೆ ಜನ ಎಡವುವುದು ಇದೇ ಜಾಗದಲ್ಲಿ.

ಮೊದಲು ಒಂದು ಮಾತು. ಓವನ್ ಈ ಅಡುಗೆಯನ್ನು ಬೇಯಿಸುವುದಿಲ್ಲ. ಬೆಂದಿರುವುದನ್ನು ಬಿಸಿ ಮಾಡುತ್ತದೆ, ಒಂದಕ್ಕೊಂದು ಹಿಡಿಸುತ್ತದೆ, ಚೀಸ್ ಕರಗಿಸುತ್ತದೆ, ಅಷ್ಟೇ. ಟ್ರೇ ಒಳಗೆ ಹೋಗುವ ಪ್ರತಿಯೊಂದೂ ಅದಕ್ಕೆ ಮುಂಚೆಯೇ ಬೆಂದಿರಬೇಕು, ಇರುವ ನೀರು ಕಳೆದುಕೊಂಡಿರಬೇಕು. ಇಷ್ಟು ಆದರೆ ಉಳಿದದ್ದು ಸಲೀಸು.

ಇನ್ನೂ ಸ್ವಲ್ಪ ಹೊತ್ತು ಇಟ್ಟರೆ ಒಣಗುತ್ತದೆ ಅನ್ನುವುದು ಎಲ್ಲರಿಗೂ ಬರುವ ಯೋಚನೆ. ಆದರೆ ಕ್ಯಾಸರೋಲ್‌ನಲ್ಲಿ ಅದು ನಡೆಯುವುದಿಲ್ಲ. ಆವಿ ಹೋಗಬೇಕಾದರೆ ಮೇಲಿನಿಂದಲೇ ಹೋಗಬೇಕು. ಅಲ್ಲಿ ಕರಗಿದ ಚೀಸ್ ದಪ್ಪಗೆ ಮುಚ್ಚಿಕೊಂಡಿರುತ್ತದೆ. ಒಳಗೆ ಟೋರ್ಟಿಯಾ ಪದರಗಳು ಅಡ್ಡ ಇವೆ. ಎರಡು ಇಂಚು ಆಳದ ಟ್ರೇಯ ತಳದಲ್ಲಿರುವ ನೀರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ. ನೀವು ಕೊಟ್ಟ ಹೆಚ್ಚಿನ ಅರ್ಧ ಗಂಟೆಯಲ್ಲಿ ಮೇಲಿನ ಕಾಲು ಇಂಚು ಮಾತ್ರ ಸೀದಿದೆ, ಮತ್ತು ತರಕಾರಿ ಇನ್ನಷ್ಟು ನೀರು ಬಿಟ್ಟಿದೆ.

ಲೆಕ್ಕ ಹಾಕಿ ನೋಡಿ. ಎರಡು ಮಧ್ಯಮ ಗಾತ್ರದ ಜುಕಿನಿ ಅಂದರೆ ಸುಮಾರು 400 ಗ್ರಾಂ. ಅದರಲ್ಲಿ ನೂರಕ್ಕೆ 95 ಭಾಗ ನೀರೇ. ಕ್ಯಾಪ್ಸಿಕಂನಲ್ಲೂ ನೂರಕ್ಕೆ ತೊಂಬತ್ತರ ಮೇಲೆ. ಎರಡೂ ಸೇರಿ ಅರ್ಧ ಲೀಟರ್‌ಗಿಂತ ಜಾಸ್ತಿ ನೀರನ್ನು ನೀವು ತರಕಾರಿಯ ರೂಪದಲ್ಲಿ ಟ್ರೇಗೆ ಸುರಿದಿದ್ದೀರಿ. ಎಲ್ಲವೂ ಹೊರಬರುವುದಿಲ್ಲ, ಆದರೆ ಅರ್ಧ ಬಂದರೂ ಸಾಕು. ಅದರ ಮೇಲೆ ಬಾಟಲಿ ಸಾಲ್ಸಾ. ಚಿಪ್ಸ್ ಅದ್ದಿಕೊಂಡು ತಿನ್ನಲು ಮಾಡಿದ ಸಾಲ್ಸಾ ತೆಳ್ಳಗೇ ಇರುತ್ತದೆ, ಉಪ್ಪೂ ಇರುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿ ಆ ಉಪ್ಪು ಹಸಿ ತರಕಾರಿಯಿಂದ ನೀರೆಳೆದಿದೆ, ಆ ನೀರು ಗೋಧಿ ಟೋರ್ಟಿಯಾಗೆ ಇಳಿದಿದೆ. ಅಂದರೆ ನೀವು ಬೆಳಿಗ್ಗೆ ಓವನ್ ಹಚ್ಚುವ ಹೊತ್ತಿಗೇ ಎಲ್ಲ ಮುಗಿದಿತ್ತು.

ಈಗ ಟೋರ್ಟಿಯಾ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಡೀ ತಿಂಡಿ ನಿಂತಿರುವುದೇ ಅದರ ಮೇಲೆ. ಮೆಕ್ಸಿಕೊದಲ್ಲಿ ಈ ಥರ ಪದರ ಪದರವಾಗಿ ಜೋಡಿಸಿ ಬೇಯಿಸುವ ತಿಂಡಿಗೆ ಪಾಸ್ತೆಲ್ ಅಸ್ತೆಕಾ ಅನ್ನುತ್ತಾರೆ, ಬುದಿನ್ ಅಸ್ತೆಕಾ ಅಂತಲೂ ಹೇಳುವುದುಂಟು. ಜೋಳದ ಟೋರ್ಟಿಯಾ, ಮೆಣಸಿನಕಾಯಿ ಸಾಸ್, ಕೆನೆ, ಚೀಸ್, ಬಹಳ ಸಲ ಕೋಳಿ ಮಾಂಸ ಅಥವಾ ಸುಟ್ಟು ಸಿಪ್ಪೆ ತೆಗೆದ ಪೊಬ್ಲಾನೊ ಮೆಣಸಿನಕಾಯಿ. ನೀವಿರುವ ಟೆಕ್ಸಾಸ್‌ನಲ್ಲಿ ಇದಕ್ಕೆ ಇನ್ನೊಂದು ಅವತಾರವಿದೆ, ಕಿಂಗ್ ರಾಂಚ್ ಕ್ಯಾಸರೋಲ್. ಅದರಲ್ಲಿ ಡಬ್ಬಿಯ ಕ್ರೀಮ್ ಆಫ್ ಮಶ್ರೂಮ್ ಸೂಪ್ ಹಾಕುತ್ತಾರೆ. ಕ್ಯಾಂಪ್‌ಬೆಲ್ ಕಂಪನಿ ಆ ಸೂಪನ್ನು 1934ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಅಮೆರಿಕದ ಕ್ಯಾಸರೋಲ್‌ಗಳ ದಿಕ್ಕೇ ಬದಲಾಯಿತು. ದಕ್ಷಿಣ ಟೆಕ್ಸಾಸ್‌ನಲ್ಲಿ ಕಿಂಗ್ ರಾಂಚ್ ಅನ್ನುವ ದೊಡ್ಡ ದನದ ಫಾರ್ಮ್ ಇದೆ, ಅಲ್ಲೇ ಈ ತಿಂಡಿ ಹುಟ್ಟಿತು ಅನ್ನುವುದಕ್ಕೆ ಮಾತ್ರ ಗಟ್ಟಿ ಆಧಾರ ಇಲ್ಲ. ಇದು ಅಸಲಿ, ಅದು ನಕಲಿ ಅನ್ನುವ ಜಗಳ ನನಗೆ ಬೇಡ. ಒಂದು ವಿಷಯ ಮಾತ್ರ ನೋಡಿ. ಎರಡರಲ್ಲೂ ಇರುವುದು ಜೋಳದ ಟೋರ್ಟಿಯಾ, ಗೋಧಿಯದಲ್ಲ. ಮೆಕ್ಸಿಕೊದ ಉತ್ತರದಲ್ಲಿ, ಸೊನೊರಾ ಕಡೆ, ಗೋಧಿ ಟೋರ್ಟಿಯಾ ಬಹಳ ಚೆನ್ನಾಗಿ ಮಾಡುತ್ತಾರೆ, ಆದರೆ ಅದು ಬಿಸಿಬಿಸಿಯಾಗಿ ಸುತ್ತಿಕೊಂಡು ತಿನ್ನಲು. ಸಾಸ್‌ನಲ್ಲಿ ಗಂಟೆಗಟ್ಟಲೆ ನೆನೆದರೆ ಅದು ಮತ್ತೆ ಹಿಟ್ಟಾಗುತ್ತದೆ. ನೀವು ಅಂಬಲಿ ಅಂದದ್ದು ಇದನ್ನೇ.

ಇಲ್ಲಿ ಜೋಳ ಅಂದರೆ ಮೆಕ್ಕೆಜೋಳ. ಅದರ ಟೋರ್ಟಿಯಾ ಯಾಕೆ ತಡೆಯುತ್ತದೆ ಅಂದರೆ ಸುಣ್ಣದಿಂದ. ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟು, ಬೆಳಿಗ್ಗೆ ತೊಳೆದು ರುಬ್ಬುತ್ತಾರೆ. ಎಲೆಅಡಿಕೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸಿಪ್ಪೆ ಬಿಡುತ್ತದೆ, ಪಿಷ್ಟ ಸ್ವಲ್ಪ ಬೇಯುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ. ಅಂಗಡಿಯ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಅಂಚು ಒಡೆಯುವುದು, ಮಾಸಾ ಹರೀನಾದಲ್ಲಿ (ಹೀಗೆ ಸುಣ್ಣದಲ್ಲಿ ಬೇಯಿಸಿದ ಜೋಳದ ಒಣ ಹಿಟ್ಟು) ಮಾಡಿದರೆ ಒಡೆಯದಿರುವುದು ಈ ಸುಣ್ಣದ ಕಾರಣಕ್ಕೆ. ಪೌಷ್ಟಿಕತೆಯ ಲಾಭವೂ ಇದೆ. ಮೆಕ್ಕೆಜೋಳದಲ್ಲಿ ಸಿಕ್ಕಿಹಾಕಿಕೊಂಡ ನಯಾಸಿನ್ ಅನ್ನುವ ಬಿ ಜೀವಸತ್ವ ಸುಣ್ಣದಿಂದ ಬಿಡುಗಡೆಯಾಗುತ್ತದೆ. ಯುರೋಪಿನವರು ಜೋಳವನ್ನು ಒಯ್ದರು, ಸುಣ್ಣದ ಪಾಠ ಬಿಟ್ಟು ಹೋದರು. ಬರೀ ಜೋಳ ತಿಂದ ಇಟಲಿಯ ಬಡವರಿಗೆ, ಆಮೇಲೆ 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣದವರಿಗೂ, ನಯಾಸಿನ್ ಕೊರತೆಯಿಂದ ಪೆಲ್ಲಾಗ್ರ ಅನ್ನುವ ಕಾಯಿಲೆ ಬಂತು.

ಆದರೆ ಜೋಳದ ಟೋರ್ಟಿಯಾ ತಂದು ಸುಮ್ನೆ ಹಾಸಿದರೂ ಆಗುವುದಿಲ್ಲ. ಪ್ಯಾಕೆಟ್‌ನಿಂದ ತೆಗೆದದ್ದು ಮೆತ್ತಗಿರುತ್ತದೆ, ಅದರಲ್ಲೇ ನೀರಿನಂಶ ಸಾಕಷ್ಟಿದೆ. ಮೆಕ್ಸಿಕೊದ ಮನೆಗಳಲ್ಲಿ ಎಂಚಿಲಾಡಾಗಾಗಲಿ (ಹೂರಣ ಸುತ್ತಿ ಸಾಸ್ ಹಾಕಿದ ಟೋರ್ಟಿಯಾ) ಪಾಸ್ತೆಲ್‌ಗಾಗಲಿ ಒಂದೊಂದು ಟೋರ್ಟಿಯಾವನ್ನೂ ಬಿಸಿ ಎಣ್ಣೆಯಲ್ಲಿ ಅದ್ದಿ ತೆಗೆಯುತ್ತಾರೆ. ಒಂದು ಕಡೆ ಹತ್ತು ಸೆಕೆಂಡು, ತಿರುಗಿಸಿ ಹತ್ತು ಸೆಕೆಂಡು. ಗರಿಗರಿ ಆಗಬಾರದು, ಬಗ್ಗಬೇಕು. ಮೇಲ್ಮೈಯ ನೀರು ಹೋಗಿ ಅಲ್ಲಿ ಎಣ್ಣೆಯ ತೆಳು ಪದರ ನಿಲ್ಲುತ್ತದೆ, ಸಾಸ್ ಒಳಗಿಳಿಯುವುದು ನಿಧಾನವಾಗುತ್ತದೆ. ಈ ಕೆಲಸ ತಪ್ಪಿಸಬೇಡಿ. ಅಷ್ಟು ಎಣ್ಣೆ ಬೇಡ ಅನ್ನುವುದಾದರೆ ಎರಡೂ ಬದಿಗೆ ಸ್ವಲ್ಪ ಎಣ್ಣೆ ಸವರಿ, ಟ್ರೇ ಮೇಲೆ ಹರಡಿ, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಏಳೆಂಟು ನಿಮಿಷ ಒಣಗಿಸಿ. ಮುಕ್ಕಾಲು ಪಾಲು ಅಷ್ಟೇ ಚೆನ್ನಾಗಿರುತ್ತದೆ. 9 ಇಂಚು 13 ಇಂಚಿನ ಟ್ರೇಗೆ ಮೂರು ಪದರ ಅಂದರೆ ಆರಿಂಚಿನ ಟೋರ್ಟಿಯಾ ಹದಿನೆಂಟು ಬೇಕು. ಕೆಲವನ್ನು ಅರ್ಧ ಮಾಡಿ ಅಂಚಿಗೆ ಕೂರಿಸಿ.

ಸಾಸ್‌ಗೆ ಬರೋಣ. ನಿಮ್ಮ ಖಾರದ ಕಥೆಗೆ ಕಾರಣ ಇಲ್ಲಿದೆ. ಅಮೆರಿಕದ ರೆಸಿಪಿಗಳಲ್ಲಿ ಚಿಲಿ ಪೌಡರ್ ಅಂದರೆ ಬರೀ ಮೆಣಸಿನಕಾಯಿ ಪುಡಿಯಲ್ಲ. ಕಡಿಮೆ ಖಾರದ ಮೆಣಸಿನಕಾಯಿಗೆ ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಪುಡಿ, ಕೆಲವು ಸಲ ಉಪ್ಪನ್ನೂ ಬೆರೆಸಿದ ಮಸಾಲೆ ಅದು. 1890ರ ದಶಕದಲ್ಲಿ ಟೆಕ್ಸಾಸ್‌ನ ನ್ಯೂ ಬ್ರೌನ್‌ಫೆಲ್ಸ್ ಊರಿನಲ್ಲಿದ್ದ ವಿಲಿಯಂ ಗೆಬ್‌ಹಾರ್ಟ್ ಅನ್ನುವ ಜರ್ಮನ್ ವಲಸಿಗ ಇದನ್ನು ಬಾಟಲಿಯಲ್ಲಿ ತುಂಬಿಸಿ ಮಾರಲು ಶುರು ಮಾಡಿದ, ಅಲ್ಲಿಂದ ಇದು ಟೆಕ್ಸ್-ಮೆಕ್ಸ್, ಅಂದರೆ ಟೆಕ್ಸಾಸ್‌ನ ಮೆಕ್ಸಿಕನ್ ಥರದ ಅಡುಗೆಯ ಗುರುತೇ ಆಗಿಬಿಟ್ಟಿತು. ಅದನ್ನು ಎರಡು ಟೇಬಲ್ ಸ್ಪೂನ್ ಹಾಕಿದರೆ ಏನೂ ಆಗುವುದಿಲ್ಲ. ನಮ್ಮ ಖಾರದ ಪುಡಿಯನ್ನು ಅಷ್ಟು ಹಾಕಿದರೆ ಮಕ್ಕಳೇನು, ದೊಡ್ಡವರೂ ತಟ್ಟೆ ಬಿಟ್ಟು ಏಳುತ್ತಾರೆ.

ಪುಡಿಯ ಗೊಡವೆಯೇ ಬೇಡ ಅನ್ನುವುದು ನನ್ನ ಸಲಹೆ. ನಿಮ್ಮ ಊರಿನ ಯಾವ ಮೆಕ್ಸಿಕನ್ ಅಂಗಡಿಗೆ ಹೋದರೂ ಗ್ವಾಹಿಯೊ, ಆಂಚೊ ಅನ್ನುವ ಒಣ ಮೆಣಸಿನಕಾಯಿ ಸಿಗುತ್ತದೆ. ಗ್ವಾಹಿಯೊ ಆರೇಳು, ಆಂಚೊ ಎರಡು. ತೊಟ್ಟು, ಬೀಜ ತೆಗೆದು ಬಾಣಲೆಯಲ್ಲಿ ಎರಡೂ ಬದಿ ಘಮ ಬರುವಷ್ಟು ಮಾತ್ರ ಹುರಿಯಿರಿ. ಕಪ್ಪಾದರೆ ಸಾಸ್ ಕಹಿಯಾಗುತ್ತದೆ, ಆಮೇಲೆ ಸಕ್ಕರೆ ಹಾಕಿದರೂ ಸರಿಹೋಗುವುದಿಲ್ಲ, ಎಸೆದು ಹೊಸದಾಗಿ ಶುರು ಮಾಡಬೇಕು. ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಸುಟ್ಟ ಟೊಮೆಟೊ ಮೂರು, ಅರ್ಧ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ ಸೋಸಿ. ಈಗ ಮುಖ್ಯವಾದ ಹೆಜ್ಜೆ. ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ ಈ ರುಬ್ಬಿದ್ದನ್ನು ಒಮ್ಮೆಗೇ ಸುರಿಯಿರಿ, ಚಟಪಟ ಹಾರುತ್ತದೆ, ಮುಚ್ಚಳ ಕೈಯಲ್ಲಿರಲಿ. ಬಣ್ಣ ಗಾಢವಾಗಿ, ಸೌಟಿನ ಹಿಂಭಾಗಕ್ಕೆ ಅಂಟಿಕೊಂಡು ನಿಲ್ಲುವವರೆಗೆ ಕುದಿಸಿ. ಸೌಟಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ಉಳಿಯಬೇಕು. ಮೂರು ಪದರಕ್ಕೆ ಇಂಥ ಸಾಸ್ ಎರಡೂವರೆ ಕಪ್ ಸಾಕು. ಜನ ನಾಲ್ಕೈದು ಕಪ್ ಸುರಿಯುತ್ತಾರೆ, ಒಣಗಿಬಿಡುತ್ತದೇನೋ ಅನ್ನುವ ಹೆದರಿಕೆಗೆ.

ಸಮಯವಿಲ್ಲ, ಬಾಟಲಿ ಸಾಲ್ಸಾನೇ ಗತಿ ಅನ್ನುವ ದಿನವೂ ಇರುತ್ತದೆ. ಆಗ ಜರಡಿಗೆ ಹಾಕಿ ನೀರು ಬಸಿಯಿರಿ, ಉಳಿದದ್ದನ್ನು ಬಾಣಲೆಯಲ್ಲಿ ಗಟ್ಟಿ ಮಾಡಿ. ಅಷ್ಟಾದರೂ ಮಾಡಿ.

ಒಳಗಿನ ಹೂರಣಕ್ಕೆ ಜುಕಿನಿ ಬೇಕೇ ಬೇಕು ಅಂದರೆ ಹೆಚ್ಚಿ, ದೊಡ್ಡ ಉರಿಯಲ್ಲಿ, ಅಗಲ ಬಾಣಲೆಯಲ್ಲಿ, ಸ್ವಲ್ಪ ಸ್ವಲ್ಪವೇ ಹಾಕಿ ಅಂಚು ಕಂದಾಗುವವರೆಗೆ ಹುರಿಯಿರಿ. ಒಂದೇ ಸಲ ರಾಶಿ ಹಾಕಿದರೆ ಅದು ಹುರಿಯುವುದಿಲ್ಲ, ತನ್ನ ನೀರಿನಲ್ಲೇ ಬೇಯುತ್ತದೆ. ಅಣಬೆಗೂ ಇದೇ ಮಾತು. ಫ್ರೋಜನ್ ಪಾಲಕ್ ಇದ್ದರೆ ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಎಷ್ಟು ನೀರು ಬರುತ್ತದೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ. ನನ್ನನ್ನು ಕೇಳಿದರೆ ಸಸ್ಯಾಹಾರಿಗಳಿಗೆ ಇದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಪೊಬ್ಲಾನೊ. ಮೆಕ್ಸಿಕೊದಲ್ಲಿ ಇದು ಹಳೆಯ ಜೋಡಿ, ನಾವು ಏನನ್ನೋ ತೆಗೆದು ಏನನ್ನೋ ಸೇರಿಸಿದ ಹಾಗೆ ಆಗುವುದಿಲ್ಲ. ಗ್ಯಾಸ್ ಉರಿಯ ಮೇಲೆ ಸಿಪ್ಪೆ ಕಪ್ಪಾಗುವಂತೆ ಸುಟ್ಟು, ಹತ್ತು ನಿಮಿಷ ಮುಚ್ಚಿಟ್ಟು, ಸಿಪ್ಪೆ ಬಿಡಿಸಿ, ಉದ್ದುದ್ದ ಸೀಳಿ, ಈರುಳ್ಳಿ ಮತ್ತು ಜೋಳದ ಕಾಳಿನ ಜೊತೆ ಬಾಡಿಸಿ ಸ್ವಲ್ಪ ಕೆನೆ ಸೇರಿಸಿ. ಸುಟ್ಟಾಗಲೇ ಅದರ ನೀರು ಸ್ವಲ್ಪ ಹೋಗಿರುತ್ತದೆ.

ಇನ್ನು ರಾಜ್ಮಾ. ನಿಮ್ಮ ಗೆಳತಿ ಹೇಳಿದ್ದರಲ್ಲಿ ನಿಜ ಇದೆ, ಪೂರ್ತಿ ಅಲ್ಲ. ಕೆಂಪು ರಾಜ್ಮಾದಲ್ಲಿ ಫೈಟೊಹೆಮಗ್ಲುಟಿನಿನ್ ಅನ್ನುವ ಪ್ರೋಟೀನು ಬೇರೆ ಕಾಳುಗಳಿಗಿಂತ ಜಾಸ್ತಿ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಭೇದಿ ಆಗಬಹುದು. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಸುಧಾರಿಸುತ್ತದೆ, ಆದರೆ ಪಾಟ್‌ಲಕ್‌ನಲ್ಲಿ ಮೂವತ್ತು ಮಕ್ಕಳಿಗೆ ಹೀಗಾಗುವುದು ಯಾರಿಗೆ ಬೇಕು? ಸ್ಲೋ ಕುಕ್ಕರ್ ತೊಂದರೆ ಏನೆಂದರೆ, ಎಷ್ಟೋ ಸಲ ಒಳಗಿನ ಬಿಸಿ ಕುದಿಯುವ ಮಟ್ಟಕ್ಕೆ ಹೋಗುವುದೇ ಇಲ್ಲ. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇದ್ದರೆ ಕಾಳು ಮೆತ್ತಗಾಗಿ ಬೆಂದಂತೆ ಕಾಣುತ್ತದೆ, ನಂಜು ಮಾತ್ರ ಕಡಿಮೆಯಾಗುವ ಬದಲು ಹಸಿ ಕಾಳಿಗಿಂತ ಹೆಚ್ಚೇ ಆಗಬಹುದು. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಹೇಳುವುದು ಹೀಗೆ: ಕಡಿಮೆ ಅಂದರೆ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಿ. ನೀವು ಪ್ರೆಶರ್ ಕುಕ್ಕರ್‌ನಲ್ಲಿ ಬೇಯಿಸುವವರಾದರೆ ನೆನೆಸಿ, ನೀರು ಬದಲಿಸಿ, ಮಾಮೂಲಿನಂತೆ ಬೆರಳಲ್ಲಿ ಹಿಸುಕಿದರೆ ಪೂರ್ತಿ ನುರಿಯುವಂತೆ ಬೇಯಿಸಿ, ಭಯ ಬೇಡ. ಡಬ್ಬಿಯ ರಾಜ್ಮಾ ಆಗಲೇ ಬೆಂದಿರುತ್ತದೆ, ಅದೂ ಸುರಕ್ಷಿತ. ಅದರ ನೀರು ಬಸಿದು ತೊಳೆದು ಹಾಕಿ. ಮೆಕ್ಸಿಕೊದಲ್ಲಿ ಇಂಥದ್ದಕ್ಕೆ ರಾಜ್ಮಾಗಿಂತ ಪಿಂಟೊ ಅಥವಾ ಕಪ್ಪು ಬೀನ್ಸ್ ಜಾಸ್ತಿ ಬಳಸುತ್ತಾರೆ. ಬೇಯಿಸಿ, ಎಣ್ಣೆಯಲ್ಲಿ ಹಿಸುಕಿ ಬಾಡಿಸಿ, ಗಟ್ಟಿ ಮಾಡಿ ಸವರಿದರೆ ಪದರಗಳು ಜಾರದೆ ಕೂರುತ್ತವೆ. ಹುಳಿ, ಟೊಮೆಟೊ ಎಲ್ಲ ಕಾಳು ಬೆಂದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ಕಾಳು ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ.

ಪನ್ನೀರ್ ಕರಗಲಿಲ್ಲ ಅಂತ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ, ಅದು ಕರಗುವುದಿಲ್ಲ. ಬಿಸಿ ಹಾಲಿಗೆ ನಿಂಬೆರಸ ಹಾಕಿ ಒಡೆಸಿದಾಗ ಪ್ರೋಟೀನು ಬಿಗಿಯಾಗಿ ಹೆಣೆದುಕೊಳ್ಳುತ್ತದೆ, ಮತ್ತೆ ಬಿಸಿ ಮಾಡಿದರೂ ಬಿಡಿಸಿಕೊಳ್ಳುವುದಿಲ್ಲ. ಮೆಕ್ಸಿಕೊದ ಕೇಸೊ ಫ್ರೆಸ್ಕೊ ಕೂಡ ಕರಗದು, ಅದನ್ನು ಬಡಿಸುವಾಗ ಮೇಲೆ ಪುಡಿ ಮಾಡಿ ಉದುರಿಸುತ್ತಾರೆ. ಪನ್ನೀರನ್ನೂ ಹಾಗೇ ಬಳಸಿ, ಚೆನ್ನಾಗಿರುತ್ತದೆ. ಕರಗಬೇಕಾದ ಕಡೆ ಒಹಾಕಾ ಚೀಸ್, ಮೊಂಟೆರೆ ಜ್ಯಾಕ್, ಇಲ್ಲವೇ ಚಿವಾವಾ ಚೀಸ್ ತನ್ನಿ. ಈ ಕೊನೆಯದು 1920ರ ದಶಕದಲ್ಲಿ ಕೆನಡಾದಿಂದ ಉತ್ತರ ಮೆಕ್ಸಿಕೊಗೆ ವಲಸೆ ಬಂದ ಮೆನೊನೈಟ್ ಅನ್ನುವ ಕ್ರೈಸ್ತ ಪಂಥದ ರೈತರು ಮಾಡಿ ಬೆಳೆಸಿದ್ದು. ಚೆಡ್ಡಾರ್ ಹಳೆಯದಾದಷ್ಟೂ ಜಾಸ್ತಿ ಎಣ್ಣೆ ಬಿಡುತ್ತದೆ. ಗಂಟೆಗಟ್ಟಲೆ ಓವನ್‌ನಲ್ಲಿಟ್ಟರೆ ಯಾವ ಚೀಸ್ ಆದರೂ ಬಿಡುತ್ತದೆ. ಪ್ಯಾಕೆಟ್‌ನ ತುರಿದ ಚೀಸ್‌ಗೆ ಅಂಟದಿರಲಿ ಅಂತ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಸವರಿರುತ್ತಾರೆ, ಅದು ನಯವಾಗಿ ಕರಗುವುದಿಲ್ಲ. ಗಟ್ಟಿ ತುಂಡು ತಂದು ಮನೆಯಲ್ಲೇ ತುರಿಯಿರಿ. ಇಡೀ ಟ್ರೇಗೆ 300 ಗ್ರಾಂ ಸಾಕು. ಚೀಸ್ ಜಾಸ್ತಿ ಹಾಕಿದರೆ ಗಟ್ಟಿ ಹಿಡಿದುಕೊಳ್ಳುತ್ತದೆ ಅನ್ನುವುದೂ ತಪ್ಪು ನಂಬಿಕೆಯೇ. ಹಿಡಿದುಕೊಳ್ಳುವುದು ಗಟ್ಟಿ ಸಾಸ್ ಮತ್ತು ಬೀನ್ಸ್‌ನ ಪಿಷ್ಟ.

ನಿಮ್ಮ ಅತ್ತೆಯವರ ಪ್ರಶ್ನೆ ಸರಿಯಾಗಿಯೇ ಇದೆ. ಬಹಳಷ್ಟು ಚೀಸ್‌ಗೆ ಹಾಲು ಒಡೆಯಲು ರೆನೆಟ್ ಬೇಕು. ಅದು ಕರುವಿನ ಹೊಟ್ಟೆಯಿಂದ ತೆಗೆದದ್ದಿರಬಹುದು, ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದೂ ಇರಬಹುದು. ಅಮೆರಿಕದ ಲೇಬಲ್‌ನಲ್ಲಿ ಎಂಜೈಮ್ಸ್ ಅಂತ ಮಾತ್ರ ಇದ್ದರೆ ಯಾವುದು ಅಂತ ಗೊತ್ತಾಗುವುದಿಲ್ಲ. ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ಅಂತ ಸ್ಪಷ್ಟವಾಗಿ ಬರೆದದ್ದನ್ನೇ ತನ್ನಿ. ನಮ್ಮಲ್ಲಿ ಹಸಿರು ಚುಕ್ಕಿ ನೋಡಿದರೆ ಸಾಕು. ಆದರೆ ಸಸ್ಯಾಹಾರಿಗಳು ಎಡವುವುದು ಚೀಸ್‌ಗಿಂತ ಜಾಸ್ತಿ ಬೇರೆ ಕಡೆ. ಡಬ್ಬಿಯ ರಿಫ್ರೈಡ್ ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು, ಲೇಬಲ್‌ನಲ್ಲಿ ಲಾರ್ಡ್ ಅಥವಾ ಮಾಂತೆಕಾ ಅಂತ ಇರುತ್ತದೆ. ಕೆಲವು ಗೋಧಿ ಟೋರ್ಟಿಯಾಗಳಲ್ಲೂ ಅದೇ. ಕೆಲವು ಸಾವರ್ ಕ್ರೀಮ್‌ಗೆ ಜೆಲಾಟಿನ್ ಸೇರಿಸುತ್ತಾರೆ, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಡಬ್ಬಿಯ ಎಂಚಿಲಾಡಾ ಸಾಸ್ ಕೊಂಡರೆ ಅದರಲ್ಲಿ ಕೋಳಿ ಅಥವಾ ದನದ ಸಾರಿನ ಅಂಶ ಇದೆಯಾ ಅಂತ ಓದಿ ನೋಡಿ.

ಬೇಕ್ ಮಾಡುವುದು ಈಗ ಎರಡು ಸಾಲಿನ ಕೆಲಸ. ಟ್ರೇ ತಳಕ್ಕೆ ತೆಳ್ಳಗೆ ಸಾಸ್, ಟೋರ್ಟಿಯಾ, ಹೂರಣ, ಸಾಸ್, ಸ್ವಲ್ಪ ಚೀಸ್, ಹೀಗೆ ಮೂರು ಪದರ. 375 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 190 ಸೆಲ್ಸಿಯಸ್. ಫಾಯಿಲ್ ಮುಚ್ಚಿ 20 ನಿಮಿಷ, ತೆಗೆದು 10 ನಿಮಿಷ. ಅಂಚಿನಲ್ಲಿ ಗುಳ್ಳೆ ಬಂದರೆ ಆಯಿತು. ಹೊರಗೆ ತೆಗೆದು 15 ನಿಮಿಷ ಮುಟ್ಟಬೇಡಿ. ಬಿಸಿಯಲ್ಲಿ ಕತ್ತರಿಸಿದರೆ ಎಷ್ಟು ಚೆನ್ನಾಗಿ ಮಾಡಿದ್ದೂ ಹರಿಯುತ್ತದೆ. ಫಾಯಿಲ್ ನೇರವಾಗಿ ಟೊಮೆಟೊ ಸಾಸ್‌ಗೆ ತಾಗದಿರಲಿ, ಹುಳಿಗೆ ಅಲ್ಯೂಮಿನಿಯಂ ತೂತು ಬಿದ್ದು ಬೂದು ಕಲೆ ಉಳಿಯುತ್ತದೆ. ಮಧ್ಯೆ ಒಂದು ಬೇಕಿಂಗ್ ಪೇಪರ್ ಇಡಿ.

ಹಿಂದಿನ ದಿನವೇ ತಯಾರಿ ಆಗಬೇಕು ಅನ್ನುವುದು ನ್ಯಾಯವಾದ ಆಸೆ, ಬೆಳಿಗ್ಗೆ ಮಕ್ಕಳನ್ನು ಹೊರಡಿಸಿಕೊಂಡು ಇದೆಲ್ಲ ಯಾರಿಗೆ ಸಾಧ್ಯ? ದಾರಿ ಮೂರಿವೆ. ನನಗೆ ಇಷ್ಟವಾದದ್ದು, ಸಾಸ್, ಹೂರಣ, ತುರಿದ ಚೀಸ್, ಒಣಗಿಸಿದ ಟೋರ್ಟಿಯಾ ಎಲ್ಲವನ್ನೂ ರಾತ್ರಿಯೇ ಮಾಡಿ ಬೇರೆಬೇರೆ ಇಡುವುದು. ಬೆಳಿಗ್ಗೆ ಸಾಸ್, ಹೂರಣ ಬಿಸಿ ಮಾಡಿ ಜೋಡಿಸಲು ಹದಿನೈದು ನಿಮಿಷ ಸಾಕು, ರುಚಿಗೆ ಕುಂದಿಲ್ಲ. ಎರಡನೆಯದು, ರಾತ್ರಿಯೇ ಪೂರ್ತಿ ಬೇಕ್ ಮಾಡಿ, ತಣ್ಣಗಾದ ಮೇಲೆ ಫ್ರಿಜ್‌ನಲ್ಲಿಟ್ಟು ಮರುದಿನ ಬಿಸಿ ಮಾಡುವುದು. ಮೆತ್ತಗಾಗುತ್ತದೆ, ಆದರೆ ಚೆನ್ನಾಗಿ ಸೆಟ್ ಆಗಿರುವುದರಿಂದ ಚೌಕ ಚೌಕವಾಗಿ ಕತ್ತರಿಸಲು ಬರುತ್ತದೆ. ಪಾಟ್‌ಲಕ್‌ಗೆ ಇದೂ ಪರವಾಗಿಲ್ಲ. ನಡುಭಾಗ 165 ಡಿಗ್ರಿ ಫ್ಯಾರನ್‌ಹೀಟ್ ತಲುಪುವವರೆಗೆ ಬಿಸಿ ಆಗಬೇಕು, ಬರೀ ಅಂಚು ಬಿಸಿಯಾದರೆ ಸಾಲದು. ಮೂರನೆಯದು ನೀವು ಮಾಡಿದ್ದು, ಜೋಡಿಸಿ ಹಸಿಯಾಗಿ ಇಡುವುದು. ಜೋಳದ ಟೋರ್ಟಿಯಾ, ಗಟ್ಟಿ ಸಾಸ್ ಇದ್ದರೆ ಅದೂ ಒಂದು ಮಟ್ಟಕ್ಕೆ ನಡೆಯುತ್ತದೆ, ಆದರೆ ಮೂರರಲ್ಲಿ ಕೊನೆಯದೇ.

ಇದರಲ್ಲಿ ಇನ್ನೊಂದು ಅಪಾಯ ಇದೆ. ಅಮೆರಿಕದಲ್ಲಿ ಮಾರುವ ಗಾಜಿನ ಬೇಕಿಂಗ್ ಟ್ರೇಗಳಲ್ಲಿ ಹೆಚ್ಚಿನವು ಸೋಡಾ ಲೈಮ್ ಗಾಜಿನವು. ಫ್ರಿಜ್‌ನಿಂದ ತೆಗೆದು ನೇರ ಕಾದ ಓವನ್‌ಗೆ ಇಟ್ಟರೆ ಒಡೆದು ಚೂರಾಗಬಹುದು. ಬೋರೋಸಿಲಿಕೇಟ್ ಗಾಜು ಇಂಥ ಏರುಪೇರನ್ನು ಹೆಚ್ಚು ತಡೆಯುತ್ತದೆ, ಆದರೂ ಪಂದ್ಯ ಕಟ್ಟಬೇಡಿ. ತಣ್ಣಗಿರುವುದನ್ನು ಹಾಗೇ ಬೇಕ್ ಮಾಡಬೇಕಾದರೆ ಸ್ಟೀಲ್ ಟ್ರೇಯಲ್ಲಿ ಜೋಡಿಸಿ. ಶಾಲೆಗೆ ಒಯ್ದ ಮೇಲೆ ಎರಡು ಗಂಟೆಗಿಂತ ಜಾಸ್ತಿ ಮೇಜಿನ ಮೇಲೆ ಬಿಡಬೇಡಿ. 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಟೆಕ್ಸಾಸ್ ಬೇಸಿಗೆಯಲ್ಲಿ ಹೊರಗೆ ಮರದ ಕೆಳಗೆ ಇಡುವುದಾದರೆ ಒಂದೇ ಗಂಟೆ. ಹೂರಣಕ್ಕೆ ಅನ್ನ ಸೇರಿಸುವವರಾದರೆ ಇನ್ನೂ ಜಾಗ್ರತೆ, ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ತಣ್ಣಗೆ ಮಾಡಿ ಫ್ರಿಜ್‌ಗೆ ಹಾಕಿ.

ದಾವಣಗೆರೆಯ ಒಟಿಜಿಯಲ್ಲಿ ಖಂಡಿತ ಆಗುತ್ತದೆ. 9-13ರ ಟ್ರೇ ಅದರಲ್ಲಿ ಹಿಡಿದರೂ ಸುತ್ತ ಬಿಸಿಗಾಳಿ ಆಡಲು ಜಾಗ ಇರುವುದಿಲ್ಲ. 8 ಇಂಚಿನ ಚೌಕ ಟ್ರೇ ತೆಗೆದುಕೊಂಡು ಎಲ್ಲವನ್ನೂ ಅರ್ಧ ಮಾಡಿ. ಹದಿನೈದು ನಿಮಿಷ ಮೊದಲೇ ಕಾಯಿಸಿ, ಎರಡೂ ರಾಡ್ ಹಚ್ಚಿ, ಟ್ರೇ ನಡುವಿನ ಹಂತದಲ್ಲಿರಲಿ. ಮೇಲಿನ ರಾಡ್ ಹತ್ತಿರ ಇರುವುದರಿಂದ ಚೀಸ್ ಬೇಗ ಸೀಯುತ್ತದೆ, ಫಾಯಿಲ್ ತೆಗೆದ ಮೇಲೆ ಅಲ್ಲೇ ನಿಂತು ನೋಡುತ್ತಿರಿ. ಬರೀ ಮೈಕ್ರೋವೇವ್ ಇದ್ದರೆ ಬಣ್ಣ ಬರುವುದಿಲ್ಲ, ಬಿಸಿ ಆಗುತ್ತದೆ ಅಷ್ಟೇ.

ಸಾಮಾನಿನಲ್ಲಿ ಮೆಣಸಿನಕಾಯಿಗೆ ಯೋಚನೆ ಬೇಡ. ಗ್ವಾಹಿಯೊ ಜಾಗಕ್ಕೆ ಬ್ಯಾಡಗಿಗಿಂತ ಒಳ್ಳೆಯದು ಸಿಗುವುದಿಲ್ಲ, ಅದರಲ್ಲೂ ಬಣ್ಣ ಜಾಸ್ತಿ, ಖಾರ ಕಡಿಮೆ. ಅರ್ಧ ಅಳತೆಗೆ ಎಂಟು ಕಾಯಿ, ಬೀಜ ತೆಗೆದು. ಆಂಚೊದ ಸಿಹಿಗೆ ಒಂದೆರಡು ಒಣದ್ರಾಕ್ಷಿ ಸೇರಿಸಿ ರುಬ್ಬಿ. ಮೆಕ್ಸಿಕನ್ ಒರೆಗಾನೊ ಸಿಗದಿದ್ದರೆ ಹಿತ್ತಲಿನ ದೊಡ್ಡಪತ್ರೆ ಎಲೆ ಒಂದು ಸಾಕು, ಗಿಡ ಬೇರೆ ಜಾತಿಯದು, ಆದರೆ ಪರಿಮಳ ಆ ಕಡೆಗೇ ಹೋಗುತ್ತದೆ. ಅಮೆರಿಕದ ನರ್ಸರಿಗಳಲ್ಲಿ ಅದನ್ನೇ ಕ್ಯೂಬನ್ ಒರೆಗಾನೊ ಅಂತ ಮಾರುವುದನ್ನು ನೀವು ನೋಡಿರಬಹುದು. ಎರಡು ಎಲೆ ಹಾಕಿದರೆ ಕೆಮ್ಮಿನ ಕಷಾಯದ ನೆನಪು ಬರುತ್ತದೆ, ಮಿತಿಯಲ್ಲಿರಲಿ. ಚೀಸ್‌ಗೆ ಮೊಝರೆಲ್ಲಾ ಗಟ್ಟಿ ತುಂಡು.

ತೊಂದರೆ ಟೋರ್ಟಿಯಾದ್ದೇ. ಇಲ್ಲಿ ಕಾರ್ನ್ ಟೋರ್ಟಿಯಾ ಅಂತ ಸಿಗುವ ಪ್ಯಾಕೆಟ್‌ಗಳಲ್ಲಿ ಎಷ್ಟೋ ಸಲ ಗೋಧಿ ಅಥವಾ ಮೈದಾ ಬೆರೆತಿರುತ್ತದೆ, ಹಿಂಬದಿ ಓದಿ ಕೊಳ್ಳಿ. ಒಳ್ಳೆಯ ದಾರಿ ಅಂದರೆ ಬರುವಾಗ ಸೂಟ್‌ಕೇಸಿನಲ್ಲಿ ಎರಡು ಪೌಂಡ್ ಮಾಸಾ ಹರೀನಾ ಹಾಕಿಕೊಂಡು ಬನ್ನಿ. ಬಿಸಿನೀರಿನಲ್ಲಿ ಕಲಸಿ, ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಟ್ಟು, ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು ಒತ್ತಿ ಹೆಂಚಿನ ಮೇಲೆ ಸುಟ್ಟರೆ ಆಯಿತು. ಅದೂ ಆಗದಿದ್ದರೆ ನಿಮ್ಮ ಊರಲ್ಲೇ ಸಿಗುವ ಖಡಕ್ ಜೋಳದ ರೊಟ್ಟಿ ಬಳಸಿ ನೋಡಿ. ಅದು ಬೇರೆ ಜೋಳ, ಸುಣ್ಣ ಕಂಡದ್ದಲ್ಲ, ಆದರೆ ಮೊದಲೇ ಪೂರ್ತಿ ಒಣಗಿರುವುದರಿಂದ ನಮ್ಮ ಮುಖ್ಯ ತಲೆನೋವು ಅಲ್ಲಿಲ್ಲ. ದೊಡ್ಡ ಚೂರುಗಳಾಗಿ ಮುರಿದು ಹಾಸಿ. ಸಾಸ್ ಮಾತ್ರ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಯಾಕೆಂದರೆ ಒಣ ರೊಟ್ಟಿ ಎಳೆದುಕೊಳ್ಳುತ್ತದೆ. ಗಟ್ಟಿ ಚೌಕವಾಗಿ ಕತ್ತರಿಸಲು ಬರುವುದಿಲ್ಲ, ಚಮಚದಲ್ಲಿ ಬಡಿಸಿ. ಮಾಡಿದ ಕೂಡಲೇ ತಿನ್ನಬೇಕು, ಮರುದಿನಕ್ಕೆ ಇದು ಇಡುವ ತಿಂಡಿಯಲ್ಲ. ಬಾಟಲಿ ಸಾಲ್ಸಾಗೆ ಅಲ್ಲಿ ದುಡ್ಡು ಹಾಕಬೇಡಿ, ದುಬಾರಿ, ತೆಳ್ಳಗೂ ಇರುತ್ತದೆ. ಸಾಸ್ ಉಳಿದರೆ ಫ್ರಿಜ್‌ನಲ್ಲಿ ನಾಲ್ಕು ದಿನ ಇಡಬಹುದು, ಫ್ರೀಜರ್‌ನಲ್ಲಾದರೆ ಎರಡು ಮೂರು ತಿಂಗಳು.